ಕುಳಿಗೆ ಮುನ್ನಿನ ಹುಳುಕು: ದಂತಕವಚದಲ್ಲಿ ಬಿಳಿಮಚ್ಚೆ ಮೂಡುವ ಬಗೆ

ಹಲ್ಲಿನ ಕ್ಷಯಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ‘ಹುಳುಕು’ ಎಂಬ ಮಾತು ಹುಳುವಿನೊಡನೆ ಬೆಸೆದುಕೊಂಡಿದೆ. ಹುಳು ತಿಂದ ಕಾಳು, ಹುಳು ಹಿಡಿದ ತೊಲೆ, ಹುಳುಕು ಹಲ್ಲು – ಈ ಮೂರನ್ನೂ ಜನ ಒಂದೇ ಬಗೆಯಲ್ಲಿ ಕಂಡಿದ್ದಾರೆ. ಈ ಕಲ್ಪನೆ ನಮ್ಮದಷ್ಟೇ ಅಲ್ಲ. ಸುಶ್ರುತ ಸಂಹಿತೆಯು ದಂತರೋಗಗಳ ಸಾಲಿನಲ್ಲಿ ಕೃಮಿದಂತಕವನ್ನು ಹೆಸರಿಸುತ್ತದೆ. ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳಲ್ಲಿಯೂ ಹಲ್ಲಿನ ಹುಳುವಿನ ಪ್ರಸ್ತಾಪವಿದೆ. 1728ರಲ್ಲಿ ದಂತವೈದ್ಯವನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿನ ಪಿಯರ್ ಫೋಶಾರ್ ಈ ನಂಬಿಕೆಯನ್ನು ಅಲ್ಲಗಳೆದನು.

ಹುಳುವಿನ ನಂಬಿಕೆ ಅಳಿದರೂ ಅದು ಬಿಟ್ಟುಹೋದ ಚಿತ್ರ ಅಳಿಯಲಿಲ್ಲ. ಏನೋ ಒಂದು ಹೊರಗಿನಿಂದ ಹಲ್ಲನ್ನು ಕಚ್ಚಿ ಒಳಕ್ಕೆ ಕೊರೆಯುತ್ತ ಹೋಗುತ್ತದೆ, ಕುಳಿ ಕಾಣಿಸಿಕೊಂಡ ದಿನವೇ ರೋಗ ಬಂದ ದಿನ ಎಂಬ ತಿಳಿವಳಿಕೆ ಇಂದಿಗೂ ಸಾಮಾನ್ಯವಾಗಿದೆ. ದಂತಕವಚದಲ್ಲಿ ವಾಸ್ತವವಾಗಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಮೇಲ್ಮೈ ಉಳಿದುಕೊಂಡಿರುವಾಗಲೇ ಅದರ ಅಡಿಯ ಭಾಗ ಖನಿಜವನ್ನು ಕಳೆದುಕೊಂಡು ಸಡಿಲವಾಗುತ್ತದೆ. ಕುಳಿ ಎಂಬುದು ಈ ಸುದೀರ್ಘ ಪ್ರಕ್ರಿಯೆಯ ಕೊನೆಯ ಘಟನೆ; ಒಳಗೆ ಟೊಳ್ಳಾದ ಮಾಳಿಗೆ ಕುಸಿದಂತೆ. ಕುಸಿಯುವ ಮುನ್ನ ತಿಂಗಳುಗಳೇ, ಅನೇಕ ವೇಳೆ ವರ್ಷಗಳೇ ಕಳೆದಿರುತ್ತವೆ. ಆ ಅವಧಿಯಲ್ಲಿ ಪ್ರಕ್ರಿಯೆಯು ನಿಂತುಬಿಡಲೂಬಹುದು, ಒಂದಿಷ್ಟು ಹಿಂದೆ ಸರಿಯಲೂಬಹುದು. ಈ ಹಂತಕ್ಕೆ ನಮ್ಮ ಆಡುಮಾತಿನಲ್ಲಿ ಪ್ರತ್ಯೇಕ ಹೆಸರಿಲ್ಲ. ಬರಿಗಣ್ಣಿಗೆ ಅದು ಸುಣ್ಣದ ಬಿಳುಪಿನ ಮಚ್ಚೆಯಾಗಿ ಕಾಣುವುದರಿಂದ ಈ ಪ್ರಬಂಧದಲ್ಲಿ ‘ಬಿಳಿಮಚ್ಚೆ’ ಎಂಬ ಪದವನ್ನು ಬಳಸಲಾಗಿದೆ. ಹೆಸರಿನ ಪ್ರಶ್ನೆ ಸಣ್ಣದಲ್ಲ. ರೋಗ ಎಲ್ಲಿಂದ ಆರಂಭವಾಗುತ್ತದೆ ಎಂಬ ನಿರ್ಧಾರದ ಮೇಲೆಯೇ ಯಾವ ಹಲ್ಲನ್ನು ಕೊರೆದು ತುಂಬಬೇಕು, ಯಾವ ಮಗುವನ್ನು ರೋಗಿಯೆಂದು ಎಣಿಸಬೇಕು ಎಂಬುದು ನಿಂತಿದೆ.

ಕವಚದ ಕಟ್ಟಡ

ದಂತಕವಚ ಅಥವಾ ಎನಾಮೆಲ್ ನಮ್ಮ ದೇಹದ ಅತ್ಯಂತ ಕಠಿಣ ಅಂಗಾಂಶ. ಜಗಿಯುವ ಹಲ್ಲಿನ ಉಬ್ಬುಗಳ ಮೇಲೆ ಅದರ ದಪ್ಪ ಸುಮಾರು 2.5 ಮಿಲಿಮೀಟರ್, ವಸಡಿನತ್ತ ಸಾಗಿದಂತೆ ತೆಳುವಾಗುತ್ತ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಅದರ ಸುಮಾರು ಶೇ. 96 ಭಾಗ ಖನಿಜವೇ. ಗಾತ್ರದ ಲೆಕ್ಕ ಹಿಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ: ಖನಿಜದ ಪಾಲು ಶೇ. 85ರ ಆಸುಪಾಸಿಗೆ ಇಳಿಯುತ್ತದೆ; ಉಳಿದುದನ್ನು ನೀರೂ ಅಲ್ಪ ಪ್ರಮಾಣದ ಸಾವಯವ ವಸ್ತುವೂ ತುಂಬಿಕೊಂಡಿರುತ್ತವೆ. ಹುಳುಕಿನ ಆರಂಭವನ್ನು ತಿಳಿಯಲು ಈ ಎರಡನೆಯ ಲೆಕ್ಕವೇ ಮುಖ್ಯ. ಗಾಜಿನಂತೆ ಗಟ್ಟಿಯಾಗಿ ಕಾಣುವ ಕವಚದಲ್ಲಿ ನೀರಿಗೆ ಜಾಗವಿದೆ ಎಂದರೆ ಆಮ್ಲಕ್ಕೂ ದಾರಿಯಿದೆ ಎಂದೇ ಅರ್ಥ.

ಈ ಖನಿಜಕ್ಕೆ ಹೈಡ್ರಾಕ್ಸಿಅಪಟೈಟ್ ಎಂದು ಹೆಸರು. ಅದು 10 ಕ್ಯಾಲ್ಸಿಯಂ, 6 ಫಾಸ್ಫೇಟ್ ಮತ್ತು 2 ಹೈಡ್ರಾಕ್ಸಿಲ್ ಅಯಾನುಗಳ ಅನುಪಾತದ ಹರಳು. ಆದರೆ ಹಲ್ಲಿನಲ್ಲಿರುವುದು ಶುದ್ಧ ರೂಪದ ಹರಳಲ್ಲ. ಕೆಲವು ಫಾಸ್ಫೇಟ್‌ಗಳ ಸ್ಥಾನದಲ್ಲಿ ಕಾರ್ಬೋನೇಟ್, ಕೆಲವು ಕ್ಯಾಲ್ಸಿಯಂಗಳ ಸ್ಥಾನದಲ್ಲಿ ಸೋಡಿಯಂ, ಮೆಗ್ನೀಸಿಯಂ ಸೇರಿಕೊಂಡಿರುತ್ತವೆ. ಈ ಕಲಬೆರಕೆಯಿಂದ ಹರಳಿನ ಜೋಡಣೆ ಸಡಿಲವಾಗಿ, ಶುದ್ಧ ಹರಳಿಗಿಂತ ಸುಲಭವಾಗಿ ಅದು ಆಮ್ಲದಲ್ಲಿ ಕರಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹೈಡ್ರಾಕ್ಸಿಲ್‌ನ ಸ್ಥಾನದಲ್ಲಿ ಫ್ಲೋರೈಡ್ ಬಂದು ಕುಳಿತರೆ ಹರಳು ಬಿಗಿಯಾಗುತ್ತದೆ. ಕವಚದ ಮೇಲ್ಪದರದಲ್ಲಿ ಫ್ಲೋರೈಡ್ ಹೆಚ್ಚು, ಕಾರ್ಬೋನೇಟ್ ಕಡಿಮೆ. ಒಳಗೆ ಹೋದಂತೆ ಈ ಪ್ರಮಾಣಗಳು ಅದಲುಬದಲಾಗುತ್ತವೆ.

ಒಂದೊಂದು ಹರಳಿನ ಅಗಲ ಹಲವು ಹತ್ತು ನ್ಯಾನೊಮೀಟರ್ ಮಾತ್ರ. ಇಂಥ ಸಾವಿರಾರು ಹರಳುಗಳು ಒತ್ತಾಗಿ ಸೇರಿ ಸುಮಾರು 5 ಮೈಕ್ರೊಮೀಟರ್ ಅಗಲದ ದಂಡಗಳಾಗುತ್ತವೆ. ಈ ದಂಡಗಳು ಒಳಗಿನ ಡೆಂಟಿನ್‌ನ ಗಡಿಯಿಂದ ಹೊರಟು ಹೊರಮೈವರೆಗೆ ಸಾಗುತ್ತವೆ. ದಂಡ ದಂಡಗಳು ಸೇರುವ ಗಡಿಗಳಲ್ಲಿ ಹರಳುಗಳ ದಿಕ್ಕು ಬದಲಾಗುವುದರಿಂದ ಅಲ್ಲಿ ಬಿರುಕಿನಂಥ ಜಾಗಗಳು ಸ್ವಲ್ಪ ಹೆಚ್ಚಾಗಿರುತ್ತವೆ. ಕವಚವನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೆ ನಾಶವಾಗಿರುತ್ತವೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ; ಕವಚಕ್ಕೆ ಆ ಭಾಗ್ಯವಿಲ್ಲ. ಅದರ ದುರಸ್ತಿಯೇನಿದ್ದರೂ ಜೀವಕೋಶಗಳಿಂದಲ್ಲ, ಜೊಲ್ಲಿನ ರಸಾಯನದಿಂದ ಮಾತ್ರ ಸಾಧ್ಯ.

ಪಾಚಿಯಡಿಯ ವ್ಯವಹಾರ

ಬರ್ಲಿನ್ನಿನಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ಬ್ರೆಡ್ಡಿನ ಮಿಶ್ರಣದಲ್ಲಿ ದೇಹದ ಉಷ್ಣತೆಯಲ್ಲಿಟ್ಟು, ಅವು ಮೆತ್ತಗಾಗುವುದನ್ನು ತೋರಿಸಿದನು. 1890ರಲ್ಲಿ ಪ್ರಕಟವಾದ ಅವನ ಗ್ರಂಥದ ತಿರುಳು ಇಷ್ಟು: ಬಾಯಿಯ ಸೂಕ್ಷ್ಮಜೀವಿಗಳು ಪಿಷ್ಟ ಮತ್ತು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲವು ಹಲ್ಲಿನ ಖನಿಜವನ್ನು ಕರಗಿಸುತ್ತದೆ. 1924ರಲ್ಲಿ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದನು. 1954ರಲ್ಲಿ ಆರ್ಲಂಡ್ ಮತ್ತು ಸಂಗಡಿಗರು, ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಸಕ್ಕರೆಯ ಆಹಾರ ಕೊಟ್ಟರೂ ಹುಳುಕು ಬರುವುದಿಲ್ಲವೆಂದು ತೋರಿಸಿದರು. ಅಲ್ಲಿಂದ ಮುಂದೆ ಕೆಲವು ದಶಕಗಳ ಕಾಲ ಒಂದೇ ಜೀವಿಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವ ಯತ್ನ ನಡೆಯಿತು. ಹುಳುವಿನ ಹಳೆಯ ಚಿತ್ರವೇ ಇಲ್ಲಿ ಬೇರೆ ವೇಷದಲ್ಲಿ ಮರಳಿತ್ತೆಂದರೆ ತಪ್ಪಾಗಲಾರದು. 1990ರ ದಶಕದಲ್ಲಿ ಫಿಲಿಪ್ ಮಾರ್ಷ್ ಮಂಡಿಸಿದ ವಾದವು ಈ ದೃಷ್ಟಿಯನ್ನು ತಿದ್ದಿತು. ಅದರಂತೆ ರೋಗಕಾರಿ ಜೀವಿಗಳು ಹೊರಗಿನಿಂದ ದಾಳಿ ಮಾಡುವ ಶತ್ರುಗಳಲ್ಲ, ಎಲ್ಲರ ಬಾಯಿಯಲ್ಲಿಯೂ ಅಲ್ಪಸಂಖ್ಯೆಯಲ್ಲಿ ಇರತಕ್ಕವು. ಪದೇ ಪದೇ ಸಕ್ಕರೆ ಬಿದ್ದು ಪರಿಸರ ಹುಳಿಯಾದಾಗ, ಹುಳಿಯನ್ನು ತಾಳಿಕೊಳ್ಳಬಲ್ಲ ಜೀವಿಗಳು ಹೆಚ್ಚುತ್ತವೆ, ಉಳಿದವು ಕುಗ್ಗುತ್ತವೆ.

ಈ ವ್ಯವಹಾರವೆಲ್ಲ ನಡೆಯುವುದು ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ. ದಂತವೈದ್ಯರು ಪ್ಲಾಕ್ ಎಂದು ಕರೆಯುವ ಈ ಪದರ ಕೇವಲ ಕೊಳೆಯಲ್ಲ. ತಾವೇ ಸ್ರವಿಸಿದ ಅಂಟಿನಲ್ಲಿ ನೆಲೆನಿಂತ ಬ್ಯಾಕ್ಟೀರಿಯಾಗಳ ವಸತಿ. ಮ್ಯೂಟನ್ಸ್ ಸಾಮಾನ್ಯ ಸಕ್ಕರೆಯನ್ನು ಒಡೆದು ಗ್ಲೂಕಾನ್ ಎಂಬ ಅಂಟುವಸ್ತುವನ್ನು ತಯಾರಿಸುತ್ತದೆ. ಪಾಚಿ ದಪ್ಪವಾದಷ್ಟೂ ಒಳಗೆ ಹುಟ್ಟಿದ ಆಮ್ಲ ಹೊರಹೋಗುವುದೂ ಹೊರಗಿನ ಜೊಲ್ಲು ಒಳಬರುವುದೂ ನಿಧಾನವಾಗುತ್ತದೆ.

ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಹಲ್ಲಿನ ಮೇಲಿನ ಪಾಚಿಗೇ ಸೂಕ್ಷ್ಮ ವಿದ್ಯುದ್ವಾರ ಮುಟ್ಟಿಸಿ ಪಿಎಚ್ ಅಳೆದನು. ಗ್ಲೂಕೋಸ್ ದ್ರಾವಣದಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಅದು ತಟಸ್ಥ ಮಟ್ಟದಿಂದ ಥಟ್ಟನೆ ಕುಸಿಯಿತು. ಮೊದಲಿನ ಮಟ್ಟಕ್ಕೆ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು. ಸ್ಟೀಫನ್ ವಕ್ರರೇಖೆಯೆಂದು ಪಠ್ಯಗಳಲ್ಲಿ ಮುದ್ರಿತವಾಗುವ ಈ ಚಿತ್ರದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹುಳುಕಿನ ಲೆಕ್ಕದಲ್ಲಿ ತಿಂದ ಸಕ್ಕರೆಯ ತೂಕಕ್ಕಿಂತ ತಿಂದ ಸಲಗಳ ಎಣಿಕೆಗೆ ಹೆಚ್ಚು ಬೆಲೆ. ಊಟದೊಡನೆ ಒಂದು ಹೋಳಿಗೆ ತಿಂದರೆ ರೇಖೆ ಒಮ್ಮೆ ಇಳಿದು ಏರುತ್ತದೆ. ಅಷ್ಟೇ ಸಿಹಿಯನ್ನು ಗಂಟೆಗೊಮ್ಮೆ ಚಪ್ಪರಿಸುತ್ತಿದ್ದರೆ ರೇಖೆಗೆ ಮೇಲೇರಲು ಬಿಡುವೇ ದೊರೆಯದು. ಸ್ವೀಡನ್ನಿನ ವಿಪೆಹೋಮ್ ಸಂಸ್ಥೆಯಲ್ಲಿ 1945ರಿಂದ ನಡೆದ ಪ್ರಯೋಗವು ಇದನ್ನೇ ಖಚಿತಪಡಿಸಿತು. ಆದರೆ ಸಮ್ಮತಿ ಕೊಡಲಾಗದ ಬುದ್ಧಿಮಾಂದ್ಯರಿಗೆ ಅಂಟುವ ಮಿಠಾಯಿ ತಿನ್ನಿಸಿ ಹಲ್ಲು ಕೆಡಿಸಿ ಪಡೆದ ಜ್ಞಾನ ಅದು ಎಂಬುದನ್ನು ಆ ಫಲಿತಾಂಶವನ್ನು ಉಲ್ಲೇಖಿಸುವ ಪ್ರತಿಯೊಬ್ಬರೂ ಹೇಳಬೇಕಾಗುತ್ತದೆ.

ಮೇಲ್ಪದರ ಉಳಿಯುವುದೇಕೆ?

ಹೈಡ್ರಾಕ್ಸಿಅಪಟೈಟ್ ಕರಗತೊಡಗುವ ಪಿಎಚ್ ಸುಮಾರು 5.5 ಎಂದು ಎಲ್ಲೆಡೆ ಓದುತ್ತೇವೆ. ಈ ಸಂಖ್ಯೆಯನ್ನು ಗೋಡೆಯ ಮೇಲಿನ ಗೆರೆಯಂತೆ ಭಾವಿಸಬಾರದು. ಹರಳು ಕರಗುವುದೋ ಬೆಳೆಯುವುದೋ ಎಂಬುದು ಅದನ್ನು ಸುತ್ತುವರಿದ ದ್ರವದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎಷ್ಟಿವೆ ಎಂಬುದನ್ನೂ ಅವಲಂಬಿಸಿದೆ. ತಟಸ್ಥ ಪಿಎಚ್‌ನಲ್ಲಿ ಜೊಲ್ಲು ಈ ಅಯಾನುಗಳಿಂದ ಅತಿಪರ್ಯಾಪ್ತವಾಗಿರುತ್ತದೆ, ಎಂದರೆ ಕರಗಿಸಿಕೊಳ್ಳಬಲ್ಲುದಕ್ಕಿಂತ ಹೆಚ್ಚಿನದನ್ನು ಹೊತ್ತಿರುತ್ತದೆ. ಹಾಗಿದ್ದರೆ ಹಲ್ಲುಗಳು ಸುಣ್ಣದ ಕಲ್ಲಿನಂತೆ ದಿನದಿನಕ್ಕೂ ಬೆಳೆಯಬೇಕಾಗಿತ್ತಲ್ಲವೆ? ಬೆಳೆಯದಂತೆ ತಡೆಯುವುದು ಸ್ಟಾಥೆರಿನ್ ಮೊದಲಾದ ಜೊಲ್ಲಿನ ಪ್ರೋಟೀನುಗಳು. ಪಾಚಿ ಹುಳಿಯಾದಾಗ ತಕ್ಕಡಿ ತಿರುಗುತ್ತದೆ. ಹೆಚ್ಚಿದ ಹೈಡ್ರೊಜನ್ ಅಯಾನುಗಳು ದ್ರವದಲ್ಲಿನ ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್‌ಗಳನ್ನು ಹಿಡಿದುಕೊಳ್ಳುತ್ತವೆ. ಆ ಕೊರತೆಯನ್ನು ತುಂಬಿಕೊಳ್ಳಲು ಹರಳು ತನ್ನಿಂದಲೇ ಅಯಾನುಗಳನ್ನು ಬಿಟ್ಟುಕೊಡುತ್ತದೆ.

ಇಲ್ಲಿಯವರೆಗಿನ ವಿವರಣೆಯಂತೆ ಮೇಲ್ಮೈಯೇ ಮೊದಲು ಸವೆಯಬೇಕು. ಹುಳಿ ಪದಾರ್ಥ ನೇರವಾಗಿ ತಾಗಿದಾಗ ಹಾಗೆಯೇ ಆಗುತ್ತದೆ. ನಿಂಬೆಯ ರಸವನ್ನೋ ಹುಳಿ ಪಾನೀಯವನ್ನೋ ಸದಾ ಸೇವಿಸುವವರ ಹಲ್ಲುಗಳಲ್ಲಿ ಕವಚ ಮೇಲಿನಿಂದ ಪದರ ಪದರವಾಗಿ ತೆಳುವಾಗುತ್ತದೆ. ಅಲ್ಲಿ ಬಿಳಿಮಚ್ಚೆ ಮೂಡುವುದಿಲ್ಲ. ಹುಳುಕಿನಲ್ಲಿ ಮಾತ್ರ ಹಲವು ಹತ್ತು ಮೈಕ್ರೊಮೀಟರ್ ದಪ್ಪದ ಮೇಲ್ಪದರ ಉಳಿದು ಅದರಡಿಯ ಭಾಗ ಕರಗುವುದೇಕೆ? ಈ ಕ್ಷೇತ್ರದ ಅತ್ಯಂತ ಸ್ವಾರಸ್ಯಕರ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ.

ಮೇಲ್ಪದರ ಹುಟ್ಟಿನಿಂದಲೇ ಗಟ್ಟಿ, ಅಲ್ಲಿ ಫ್ಲೋರೈಡ್ ಹೆಚ್ಚು, ಆದ್ದರಿಂದ ಉಳಿಯುತ್ತದೆ ಎಂಬುದು ಸಹಜವಾಗಿ ಹೊಳೆಯುವ ಉತ್ತರ. ಅದು ಸುಳ್ಳಲ್ಲ, ಆದರೆ ಸಾಲದು. 1980ರಲ್ಲಿ ಲ್ಯಾಂಗ್ಡನ್, ಎಲಿಯಟ್ ಮತ್ತು ಫಿಯರ್ನ್‌ಹೆಡ್ ಅವರು ಕೃತಕ ಅಪಟೈಟ್ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಗಳನ್ನು ಆಮ್ಲಕ್ಕೆ ಒಡ್ಡಿದರು. ಹಲ್ಲಿನ ಯಾವ ರಚನೆಯೂ ಇಲ್ಲದ ಆ ಬಿಲ್ಲೆಗಳಲ್ಲಿಯೂ ಮೇಲ್ಪದರದ ಅಡಿಯಲ್ಲಿ ಖನಿಜ ಕಳೆದುಹೋದ ವಲಯ ಕಾಣಿಸಿಕೊಂಡಿತು. ಎಂದರೆ ಮೇಲ್ಪದರ ಬರೀ ಉಳಿದುಕೊಳ್ಳುವುದಿಲ್ಲ, ಪ್ರಕ್ರಿಯೆಯ ನಡುವೆ ಕಟ್ಟಲ್ಪಡುತ್ತಲೂ ಇರುತ್ತದೆ.

ಕಟ್ಟಲ್ಪಡುವ ಬಗೆಯನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಫ್ಲೋರ್‌ಅಪಟೈಟ್ ಕರಗುವ ಪಿಎಚ್ ಹೈಡ್ರಾಕ್ಸಿಅಪಟೈಟ್‌ಗಿಂತ ಕೆಳಗಿದೆ, ಸುಮಾರು 4.5ರಷ್ಟು. ಪಾಚಿಯ ಪಿಎಚ್ 5.5 ಮತ್ತು 4.5ರ ನಡುವೆ ಇರುವ ಹೊತ್ತಿನಲ್ಲಿ ವಿಚಿತ್ರವಾದ ಸ್ಥಿತಿಯೊಂದು ಉಂಟಾಗುತ್ತದೆ: ಅದೇ ದ್ರವ ಒಂದು ಖನಿಜದ ಮಟ್ಟಿಗೆ ಅಪರ್ಯಾಪ್ತ, ಇನ್ನೊಂದರ ಮಟ್ಟಿಗೆ ಅತಿಪರ್ಯಾಪ್ತ. ಲ್ಯಾಕ್ಟಿಕ್ ಆಮ್ಲವು ಅಯಾನುಗಳಾಗಿ ಒಡೆಯದ ರೂಪದಲ್ಲಿ ಹರಳುಗಳ ನಡುವಿನ ಸಂದುಗಳ ಮೂಲಕ ಒಳಕ್ಕೆ ಸಾಗುತ್ತದೆ, ಅಲ್ಲಿ ಒಡೆದು ಕಾರ್ಬೋನೇಟ್ ಹೆಚ್ಚಿರುವ ಹರಳುಗಳನ್ನು ಕರಗಿಸುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ವಿಸರಣದಿಂದ ಹೊರಕ್ಕೆ ಹೊರಟು ಮೇಲ್ಪದರವನ್ನು ಹಾಯುವಾಗ, ಅಲ್ಲಿ ಪಾಚಿಯಿಂದ ಬಂದ ಅಲ್ಪಸ್ವಲ್ಪ ಫ್ಲೋರೈಡನ್ನು ಸಂಧಿಸಿ ಮತ್ತೆ ಹರಳುಗಟ್ಟುತ್ತವೆ. ನೆಲಮಾಳಿಗೆಯ ಇಟ್ಟಿಗೆ ಕಿತ್ತು ಮಹಡಿಯನ್ನು ರಿಪೇರಿ ಮಾಡಿದಂತೆ. ನಿಂಬೆಯ ರಸದ ಪಿಎಚ್ ಇದಕ್ಕಿಂತ ಬಹಳ ಕೆಳಗಿರುವುದರಿಂದ ಅಲ್ಲಿ ಎರಡು ಖನಿಜಗಳೂ ಕರಗುತ್ತವೆ, ಮಹಡಿಯೂ ಉಳಿಯುವುದಿಲ್ಲ.

ಫ್ಲೋರೈಡ್ ಹರಳಿನೊಳಗೆ ಇದ್ದರೆ ಹೆಚ್ಚು ಉಪಯೋಗವೋ, ಹರಳನ್ನು ಸುತ್ತುವರಿದ ದ್ರವದಲ್ಲಿ ಇದ್ದರೆ ಹೆಚ್ಚು ಉಪಯೋಗವೋ ಎಂಬ ಪ್ರಶ್ನೆಗೆ 1988ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅನಿರೀಕ್ಷಿತ ಕಡೆಯಿಂದ ಉತ್ತರ ತಂದಿತು. ತಿಮಿಂಗಿಲದಷ್ಟೇ ಜನಜನಿತವಾದ ಸಮುದ್ರಜೀವಿ ಶಾರ್ಕ್ ಮೀನಿನ ಹಲ್ಲಿನ ಕವಚ ಬಹುತೇಕ ಶುದ್ಧ ಫ್ಲೋರ್‌ಅಪಟೈಟ್. ನಾರ್ವೆಯ ಓಗಾರ್ಡ್, ರೋಲ್ಲ ಮತ್ತು ಸಂಗಡಿಗರು ಆ ಕವಚದ ತುಣುಕುಗಳನ್ನು ಮನುಷ್ಯರ ಬಾಯಿಯಲ್ಲಿ ಪಾಚಿ ಕಟ್ಟುವಂತೆ ಅಳವಡಿಸಿ ನಾಲ್ಕು ವಾರ ಬಿಟ್ಟರು. ಶಾರ್ಕಿನ ಕವಚದಲ್ಲಿಯೂ ಹುಳುಕಿನ ಮಚ್ಚೆ ಮೂಡಿತು! ಮನುಷ್ಯರ ಕವಚಕ್ಕಿಂತ ಕಡಿಮೆಯೆಂಬುದು ನಿಜ, ಆದರೆ ಮೂಡಿತು. ಹರಳಿನೊಳಗೆ ಬಂಧಿಯಾದ ಫ್ಲೋರೈಡ್ ಒಂದೇ ಹಲ್ಲನ್ನು ಕಾಯಲಾರದು. ದ್ರವದಲ್ಲಿ ದಿನವೂ ಅತ್ಯಲ್ಪ ಪ್ರಮಾಣದಲ್ಲಿ ದೊರೆಯುವ ಫ್ಲೋರೈಡಿನದೇ ಹೆಚ್ಚಿನ ಕೆಲಸ ಎಂಬ ಇಂದಿನ ತಿಳಿವಳಿಕೆಗೆ ಇಂಥ ಪ್ರಯೋಗಗಳು ಆಧಾರ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ನುಂಗಿಸುವುದಕ್ಕಿಂತ ಹಲ್ಲಿಗೆ ಹಚ್ಚುವ ಪೇಸ್ಟಿನಲ್ಲಿ ಅದನ್ನು ಸೇರಿಸುವುದಕ್ಕೆ ಒತ್ತು ಬಂದುದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ ದಶಲಕ್ಷಕ್ಕೆ 1000 ಭಾಗವನ್ನು ಮೀರಬಾರದೆಂಬ ನಿಯಮವಿದೆ.

ಬೆಳಕಿನಡಿಯ ನಾಲ್ಕು ವಲಯ

ಬಿಳಿಮಚ್ಚೆಯಿರುವ ಹಲ್ಲನ್ನು ತೆಳುವಾಗಿ ಸೀಳಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ವಿಧಾನವನ್ನು 1950 ಮತ್ತು 60ರ ದಶಕಗಳಲ್ಲಿ ಸ್ವೀಡನ್ನಿನ ಗುಸ್ತಾಫ್ಸನ್, ಇಂಗ್ಲೆಂಡಿನ ಬ್ರಿಸ್ಟಲ್‌ನ ಡಾರ್ಲಿಂಗ್ ಮತ್ತು ಸಿಲ್ವರ್‌ಸ್ಟೋನ್ ಬೆಳೆಸಿದರು. ಕವಚದ ವಕ್ರೀಭವನ ಸೂಚ್ಯಂಕ 1.62; ಕ್ವಿನೊಲಿನ್ ಎಂಬ ದ್ರವದ ಸೂಚ್ಯಂಕವೂ ಅಷ್ಟೇ. ಸೀಳನ್ನು ಕ್ವಿನೊಲಿನ್‌ನಲ್ಲಿ ಅದ್ದಿದಾಗ ಮಚ್ಚೆಯ ಒಳಗೆ ಒಂದಲ್ಲ, ನಾಲ್ಕು ವಲಯಗಳು ಕಾಣಿಸಿದವು.

ಅತ್ಯಂತ ಒಳಗೆ, ಮುನ್ನುಗ್ಗುತ್ತಿರುವ ಅಂಚಿನಲ್ಲಿ, ಪಾರದರ್ಶಕ ವಲಯ. ಇಲ್ಲಿ ರಂಧ್ರಗಳ ಗಾತ್ರ ಸುಮಾರು ಶೇ. 1. ಆರೋಗ್ಯಕರ ಕವಚದಲ್ಲಿ ಇದೇ ವಿಧಾನದಿಂದ ಅಳೆದ ಗಾತ್ರ ಸುಮಾರು ಶೇ. 0.1 ಮಾತ್ರ, ಹರಳಿಗೆ ಬಿಗಿಯಾಗಿ ಅಂಟಿದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ಈ ವಲಯದ ರಂಧ್ರಗಳಿಗೆ ಕ್ವಿನೊಲಿನ್ ಸಲೀಸಾಗಿ ನುಗ್ಗುವುದರಿಂದ ಎಲ್ಲವೂ ಏಕರೂಪವಾಗಿ ಕಾಣುತ್ತದೆ. ಅದರ ಹೊರಗಿನದು ಕಪ್ಪು ವಲಯ. ರಂಧ್ರಗಳ ಗಾತ್ರ ಶೇ. 2ರಿಂದ 4ಕ್ಕೆ ಏರಿದ್ದರೂ, ಅವುಗಳಲ್ಲಿ ಕೆಲವು ಎಷ್ಟು ಕಿರಿದೆಂದರೆ ಕ್ವಿನೊಲಿನ್‌ನ ದೊಡ್ಡ ಅಣು ಒಳಹೋಗಲಾರದು. ಗಾಳಿಯೇ ಉಳಿದು ಆ ಭಾಗ ಕಪ್ಪಾಗಿ ತೋರುತ್ತದೆ. ಒಳಗಿನ ದೊಡ್ಡ ರಂಧ್ರಗಳಿಗಿಂತ ಹೊರಗೆ ಕಿರಿಯ ರಂಧ್ರಗಳಿರುವುದು ಹೇಗೆ? ದೊಡ್ಡವು ಭಾಗಶಃ ತುಂಬಿಕೊಂಡು ಕಿರಿದಾಗಿವೆ ಎಂಬುದೇ ಒಪ್ಪಬಹುದಾದ ವಿವರಣೆ. ನಿಧಾನವಾಗಿ ಬೆಳೆದ ಅಥವಾ ನಿಂತುಹೋದ ಮಚ್ಚೆಗಳಲ್ಲಿ ಕಪ್ಪು ವಲಯ ಅಗಲವಾಗಿರುವುದು ಇದಕ್ಕೆ ಹೊಂದಿಕೊಳ್ಳುತ್ತದೆ. ಹೀಗೆ ಕೆಡುವ ಮತ್ತು ಕೂಡುವ ಎರಡೂ ಕ್ರಿಯೆಗಳ ಗುರುತು ಒಂದೇ ಮಚ್ಚೆಯಲ್ಲಿ ಅಕ್ಕಪಕ್ಕದಲ್ಲಿ ದೊರೆಯುತ್ತದೆ. ಮೂರನೆಯದು ಮಚ್ಚೆಯ ಒಡಲು. ಖನಿಜ ಅತಿ ಹೆಚ್ಚು ನಷ್ಟವಾಗಿರುವುದು ಇಲ್ಲಿಯೇ. ಅಂಚಿನಲ್ಲಿ ಶೇ. 5ರಷ್ಟಿರುವ ರಂಧ್ರಗಾತ್ರ ನಡುವೆ ಶೇ. 25ನ್ನು ಮುಟ್ಟಬಹುದು. ಎಲ್ಲಕ್ಕಿಂತ ಹೊರಗೆ, ಮಹಡಿಯಂತೆ, ಈಗಾಗಲೇ ವಿವರಿಸಿದ ಮೇಲ್ಪದರ.

ಮಚ್ಚೆ ಬಿಳಿಯಾಗಿ ಕಾಣುವುದಕ್ಕೂ ಇದೇ ಕಾರಣ. ರಂಧ್ರಗಳಲ್ಲಿ ತುಂಬಿದ ನೀರಿನ ಸೂಚ್ಯಂಕ 1.33, ಕವಚದ್ದು 1.62, ಈ ಅಂತರದಿಂದ ಬೆಳಕು ಚದುರುತ್ತದೆ. ಹಲ್ಲನ್ನು ಒಣಗಿಸಿದರೆ ನೀರಿನ ಸ್ಥಾನಕ್ಕೆ ಗಾಳಿ ಬರುತ್ತದೆ, ಸೂಚ್ಯಂಕ 1.0ಕ್ಕೆ ಇಳಿಯುತ್ತದೆ, ಬೆಳಕು ಇನ್ನೂ ಹೆಚ್ಚು ಚದುರುತ್ತದೆ. ಆದ್ದರಿಂದ ಒಣಗಿಸಿದಾಗ ಮಾತ್ರ ಕಾಣುವ ಮಚ್ಚೆ ಸಾಮಾನ್ಯವಾಗಿ ಕವಚದ ಹೊರಭಾಗಕ್ಕೆ ಸೀಮಿತವಾದುದು. ತೇವವಿದ್ದಾಗಲೂ ಕಾಣುವ ಮಚ್ಚೆ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಮಚ್ಚೆಯ ಆಳವನ್ನು ಗಾಳಿಯ ಒಂದು ಊದಿನಿಂದ ಅಂದಾಜಿಸಬಹುದೆಂಬುದು ಭೌತಶಾಸ್ತ್ರದ ಕೊಡುಗೆ.

ವಾರಗಳ ಲೆಕ್ಕ

ಇವೆಲ್ಲ ಆಗಲು ಎಷ್ಟು ಕಾಲ ಬೇಕು? ಡೆನ್ಮಾರ್ಕಿನ ಹೋಲ್ಮೆನ್, ಥೈಲ್‌ಸ್ಟ್ರುಪ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲಿನ ಸಾಲು ಸರಿಪಡಿಸುವ ಚಿಕಿತ್ಸೆಗಾಗಿ ಹೇಗೂ ಕೀಳಬೇಕಾಗಿದ್ದ ಮುಂದವಡೆ ಹಲ್ಲುಗಳಿಗೆ ಲೋಹದ ಪಟ್ಟಿ ತೊಡಿಸಿ, ಅದರಡಿ ಪಾಚಿ ಕಟ್ಟಲು ಬಿಟ್ಟರು. ಒಂದು ವಾರ ಕಳೆದಾಗ ಒಣಗಿಸಿ ನೋಡಿದರೂ ಕಣ್ಣಿಗೆ ಏನೂ ಕಾಣಲಿಲ್ಲ, ಸೂಕ್ಷ್ಮದರ್ಶಕದಡಿ ಮಾತ್ರ ಮೇಲ್ಮೈಯ ಹರಳುಗಳ ಅಂಚು ಕರಗಿದ್ದುದು ತಿಳಿಯಿತು. ಎರಡು ವಾರಕ್ಕೆ ಒಣಗಿಸಿದಾಗ ಮಚ್ಚೆ ಕಂಡಿತು. ಮೂರು ನಾಲ್ಕು ವಾರಗಳಲ್ಲಿ ಒಣಗಿಸದೆಯೂ ಕಂಡಿತು. ಮೇಲ್ಪದರ ಉಳಿದಿದೆ ಎಂಬ ಮಾತು ಸಾಪೇಕ್ಷ ಎಂಬುದನ್ನೂ ಈ ಅಧ್ಯಯನ ನೆನಪಿಸುತ್ತದೆ. ಅತಿ ಹೊರಗಿನ ಕೂದಲೆಳೆಗಿಂತ ತೆಳುವಾದ ಭಾಗ ಮೊದಲ ವಾರದಲ್ಲಿಯೇ ಒರಟಾಗುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಲ್ಲಿ, ಕ್ಲಿಪ್ಪಿನ ಸುತ್ತ ಚೌಕಟ್ಟಿನಂತೆ ಬಿಳಿಮಚ್ಚೆ ಉಳಿಯುವುದು ಇದರದೇ ನಿತ್ಯರೂಪ.

ಮಚ್ಚೆಯ ಜಾಗ ಪಾಚಿ ನಿಲ್ಲುವ ಜಾಗವೇ ಆಗಿರುತ್ತದೆ: ವಸಡಿನ ಅಂಚು, ಎರಡು ಹಲ್ಲು ತಾಗುವ ಬಿಂದುವಿನ ಕೆಳಗೆ, ಜಗಿಯುವ ಮೈಯ ಗೀರುಗಳು. ಗೀರಿನಲ್ಲಿ ಹುಳುಕು ತಳದಿಂದ ಶುರುವಾಗುತ್ತದೆಂದು ಭಾವಿಸುವುದುಂಟು. ಸಾಮಾನ್ಯವಾಗಿ ಅದು ಎರಡೂ ಪಕ್ಕದ ಗೋಡೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ದಂಡಗಳ ದಿಕ್ಕನ್ನು ಅನುಸರಿಸಿ ಒಳಕ್ಕೆ ಹೋದಂತೆ ಅಗಲವಾಗುತ್ತದೆ. ಗೀರಿನ ಹುಳುಕು ಹೊರಗೆ ಚಿಕ್ಕದಾಗಿ ಕಂಡು ಒಳಗೆ ದೊಡ್ಡದಾಗಿರುವುದಕ್ಕೆ ಇದೇ ಕಾರಣ.

ಹಿಂದಿರುಗುವ ಮಚ್ಚೆ

ಹಾಲೆಂಡಿನ ಬಾಕರ್ ಡಿರ್ಕ್ಸ್ 1966ರಲ್ಲಿ ಪ್ರಕಟಿಸಿದ ಅಂಕಿಗಳು ಈ ವಿಷಯದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಎಂಟು ವರ್ಷದ ಮಕ್ಕಳ ಮೊದಲ ದವಡೆ ಹಲ್ಲುಗಳ ಕೆನ್ನೆಯ ಕಡೆಯ ಮೈಯಲ್ಲಿ ಗುರುತಿಸಿದ್ದ 72 ಬಿಳಿಮಚ್ಚೆಗಳನ್ನು ಅವರು ಅದೇ ಮಕ್ಕಳಿಗೆ 15 ವರ್ಷವಾದಾಗ ಮತ್ತೆ ನೋಡಿದರು. 37 ಮೈಗಳಲ್ಲಿ ಮಚ್ಚೆ ಕಾಣದಾಗಿತ್ತು, 26ರಲ್ಲಿ ಹಾಗೆಯೇ ಇತ್ತು, ಕುಳಿಯಾಗಿದ್ದುದು 9 ಮಾತ್ರ. ಎಂಟನೆಯ ವಯಸ್ಸಿನಲ್ಲಿ ಹಲ್ಲು ಪೂರ್ತಿ ಮೇಲೆ ಬಂದಿರುವುದಿಲ್ಲ, ವಸಡಿನ ಅಂಚಿನಲ್ಲಿ ಪಾಚಿ ನಿಲ್ಲುತ್ತದೆ. ಹಲ್ಲು ಮೇಲೇರಿದಂತೆ ಅದೇ ಜಾಗ ನಾಲಿಗೆ, ಕೆನ್ನೆ, ಬ್ರಷ್‌ಗಳಿಗೆ ಸಿಗುತ್ತದೆ. ಯಾರೂ ಚಿಕಿತ್ಸೆ ಮಾಡದೆ, ಜಾಗದ ಪರಿಸ್ಥಿತಿ ಬದಲಾದುದರಿಂದಲೇ ಅರ್ಧಕ್ಕಿಂತ ಹೆಚ್ಚು ಮಚ್ಚೆಗಳು ಮರೆಯಾದವು.

1970ರಲ್ಲಿ ಫಾನ್ ಡೆರ್ ಫೆರ್, ಲೋ ಮತ್ತು ತೇಲಾಡೆ ಇದನ್ನೇ ಪ್ರಯೋಗವಾಗಿ ನಡೆಸಿದರು. ದಂತವೈದ್ಯಕೀಯ ವಿದ್ಯಾರ್ಥಿಗಳು 23 ದಿನ ಹಲ್ಲುಜ್ಜದೆ, ದಿನಕ್ಕೆ ಒಂಬತ್ತು ಸಲ ಶೇ. 50ರ ಸಕ್ಕರೆ ದ್ರಾವಣದಿಂದ ಬಾಯಿ ಮುಕ್ಕಳಿಸಿದರು. ಬಿಳಿಮಚ್ಚೆಗಳು ಮೂಡಿದವು. ಅನಂತರ ಶುಚಿ ಮತ್ತು ಫ್ಲೋರೈಡ್ ದ್ರಾವಣದ ಬಳಕೆಯಿಂದ ಒಂದು ತಿಂಗಳಲ್ಲಿ ಅವು ಬಹುಮಟ್ಟಿಗೆ ಹಿಂದೆ ಸರಿದವು.

ಆದರೆ ಮರೆಯಾಯಿತು ಎಂದರೆ ತುಂಬಿಕೊಂಡಿತು ಎಂದೇ? ಇಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಕಳೆದುಹೋದ ಖನಿಜ ಜೊಲ್ಲಿನಿಂದ ಮತ್ತೆ ಬಂದು ಸೇರುತ್ತದೆ ಎಂಬುದು ಒಂದು. ಪ್ರಯೋಗಾಲಯದಲ್ಲಿ ಅದನ್ನು ತೋರಿಸಲಾಗಿದೆ. ಕ್ಯಾಲ್ಸಿಯಂ ಹೆಚ್ಚಿರುವ ದ್ರಾವಣ ಮೇಲಿನ ರಂಧ್ರಗಳನ್ನು ಬೇಗ ಮುಚ್ಚಿ ಒಳಗನ್ನು ಟೊಳ್ಳಾಗಿಯೇ ಬಿಡುತ್ತದೆ, ತೆಳುವಾದ ದ್ರಾವಣ ಆಳದವರೆಗೆ ತುಂಬುತ್ತದೆ ಎಂದು ಸಿಲ್ವರ್‌ಸ್ಟೋನ್ ಕಂಡುಕೊಂಡನು. ಇನ್ನೊಂದು ಡೆನ್ಮಾರ್ಕಿನವರ ಪಕ್ಷ. ಪಟ್ಟಿ ತೆಗೆದ ಮೇಲೆ ಒರಟಾದ ಹೊರಮೈ ಉಜ್ಜುವಿಕೆಯಿಂದ ಸವೆದು ನುಣುಪಾಗುತ್ತದೆ, ಬಿಳುಪು ಕಡಿಮೆಯಾಗುತ್ತದೆ. ಆಳದ ರಂಧ್ರಗಳು ಬಹುಪಾಲು ಹಾಗೆಯೇ ಉಳಿಯುತ್ತವೆ ಎಂದು ಅವರ ಚಿತ್ರಗಳು ತೋರಿಸಿದವು. ಜೀವಂತ ಬಾಯಿಯ ಮಟ್ಟಿಗೆ ಎರಡನೆಯ ಪಕ್ಷದ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿ ತೋರುತ್ತದೆ. ‘ಗುಣವಾಯಿತು’ ಎನ್ನುವುದಕ್ಕಿಂತ ‘ನಿಂತಿತು’ ಎನ್ನುವುದು ನಿಖರವಾದ ಮಾತು. ಹಾಗೆ ನಿಂತ ಮಚ್ಚೆ ಕಾಫಿ, ಚಹಾ, ಎಲೆಯಡಿಕೆಗಳ ಬಣ್ಣ ಹೀರಿ ಕಂದಾಗುವುದುಂಟು. ಕಂದು ಕಲೆ ಕಂಡೊಡನೆ ಕೊರೆಯಹೊರಡುವುದು ವ್ಯರ್ಥ; ಅಂಥ ಜಾಗ ಮುಂದಿನ ಆಮ್ಲಕ್ಕೆ ಹೊಸ ಕವಚಕ್ಕಿಂತ ಹೆಚ್ಚು ತಡೆಯೊಡ್ಡುತ್ತದೆ.

ಇಷ್ಟು ತಿಳಿದ ಮೇಲೂ ಮೊನಚಾದ ಕಡ್ಡಿಯಿಂದ ಹಲ್ಲನ್ನು ಚುಚ್ಚಿ, ಕಚ್ಚಿಕೊಂಡರೆ ಹುಳುಕು ಎಂದು ತೀರ್ಮಾನಿಸುವ ಹಳೆಯ ಪದ್ಧತಿ ಹಲವೆಡೆ ಉಳಿದಿರುವುದು ವಿಷಾದಕರ. ಹಲವು ಹತ್ತು ಮೈಕ್ರೊಮೀಟರ್ ದಪ್ಪದ ಮಹಡಿಯೇ ದುರಸ್ತಿಯ ಏಕೈಕ ಆಧಾರವಾಗಿರುವಾಗ ಅದನ್ನು ಪರೀಕ್ಷೆಯ ಹೆಸರಿನಲ್ಲಿ ಮುರಿದರೆ ಕುಳಿಯನ್ನು ಪರೀಕ್ಷಕನೇ ಮಾಡಿದಂತಾಗುತ್ತದೆ. ಗೀರುಗಳ ಮೇಲೆ ನಡೆಸಿದ ಸೂಕ್ಷ್ಮದರ್ಶಕ ಅಧ್ಯಯನಗಳು 1980ರ ದಶಕದಲ್ಲಿಯೇ ಈ ಹಾನಿಯನ್ನು ತೋರಿಸಿವೆ.

ಎಣಿಕೆಗೆ ಸಿಗದ ರೋಗ

ಹುಳುಕು ಹಿಡಿದ, ಕಿತ್ತ, ತುಂಬಿದ ಹಲ್ಲುಗಳನ್ನು ಕೂಡಿಸುವ ಸೂಚ್ಯಂಕದಿಂದ ಸಮುದಾಯಗಳ ದಂತಾರೋಗ್ಯವನ್ನು ಅಳೆಯುವುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷಾ ಕೈಪಿಡಿಯು ಕುಳಿಯಾದುದನ್ನು ಮಾತ್ರ ಹುಳುಕೆಂದು ಬರೆಯಿಸುತ್ತದೆ. ಬಿಳಿಮಚ್ಚೆಯ ಹಲ್ಲು ಅಲ್ಲಿ ಆರೋಗ್ಯಕರ ಹಲ್ಲಿನ ಪಟ್ಟಿಗೆ ಸೇರುತ್ತದೆ. ಬೇರೆ ಬೇರೆ ಪರೀಕ್ಷಕರು ಬಿಳಿಮಚ್ಚೆಯನ್ನು ಒಂದೇ ರೀತಿಯಲ್ಲಿ ಗುರುತಿಸಲಾರರು ಎಂಬುದು ಇದಕ್ಕೆ ಕೊಡುವ ಕಾರಣ, ಅದರಲ್ಲಿ ಹುರುಳಿದೆ. ಆದರೆ ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಹುಳುಕಿದೆ ಎಂಬಂಥ ಅಂಕಿಯನ್ನು ಓದುವಾಗ, ಉಳಿದವರೆಲ್ಲ ರೋಗಮುಕ್ತರೆಂದು ತಿಳಿಯುವಂತಿಲ್ಲ. ಕುಳಿಗೆ ಮುನ್ನಿನ ಹಂತದಲ್ಲಿರುವ, ಬ್ರಷ್ಷು ಮತ್ತು ಪೇಸ್ಟಿನಿಂದಲೇ ತಡೆಯಬಹುದಾದ ಮಕ್ಕಳು ಆ ಉಳಿದವರಲ್ಲಿಯೇ ಇದ್ದಾರೆ.

ಈ ಕೊರತೆಯನ್ನು ತುಂಬಲು 2002ರಲ್ಲಿ ರೂಪುಗೊಳ್ಳತೊಡಗಿದ ಅಂತರರಾಷ್ಟ್ರೀಯ ಪದ್ಧತಿ, ಐಸಿಡಿಎಎಸ್, ಐದು ಸೆಕೆಂಡು ಗಾಳಿಯಿಂದ ಒಣಗಿಸಿದಾಗ ಕಾಣುವ ಮಚ್ಚೆಗೆ 1, ತೇವದಲ್ಲಿಯೂ ಕಾಣುವುದಕ್ಕೆ 2 ಎಂದು ಅಂಕ ಕೊಡುತ್ತದೆ. ಹಳ್ಳಿಯ ಶಾಲೆಯ ಜಗಲಿಯಲ್ಲಿ ಒತ್ತಡದ ಗಾಳಿ ದೊರೆಯುವುದಿಲ್ಲ. ಅರಳೆಯಿಂದ ಒರೆಸಿ ನೋಡುವಲ್ಲಿ ಈ ಎರಡು ಅಂಕಗಳನ್ನು ಒಂದಾಗಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಇದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳಿಗೆ ಫ್ಲೋರೋಸಿಸ್ ಬರುತ್ತದೆ. ಅದರ ಸೌಮ್ಯರೂಪವೂ ಕವಚದ ಬಿಳುಪೇ. ಅಲ್ಲಿಯೂ ಮೇಲ್ಪದರ ಗಟ್ಟಿಯಾಗಿದ್ದು ಅಡಿಯಲ್ಲಿ ರಂಧ್ರಗಳಿರುತ್ತವೆ. ಒಂದೇ ಭೌತಿಕ ರಚನೆ, ಎರಡು ಬೇರೆ ಇತಿಹಾಸ. ಬಿಡಿಸಿ ನೋಡಲು ಇರುವ ದಾರಿ ಮಚ್ಚೆಯ ಹರಹು. ಫ್ಲೋರೋಸಿಸ್‌ನ ಬಿಳುಪು ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಹಲ್ಲಿನ ಮೈಗೆ ಅಡ್ಡಲಾಗಿ ತೆಳುಗೆರೆಗಳಂತೆ, ಅಂಚು ಮಸುಕಾಗಿ ಹರಡಿರುತ್ತದೆ. ಹುಳುಕಿನ ಬಿಳಿಮಚ್ಚೆ ಪಾಚಿಯ ನಕ್ಷೆಯನ್ನೇ ಹೋಲುತ್ತದೆ: ವಸಡನ್ನು ಅನುಸರಿಸಿದ ಬಾಗಿದ ಪಟ್ಟಿ, ಸಕ್ರಿಯವಾಗಿದ್ದರೆ ಹೊಳಪಿಲ್ಲದ ಒರಟು ಮೈ. ಮೊದಲು ಪಾಚಿಯನ್ನು ಒರೆಸಿ, ಅದು ಎಲ್ಲಿ ಕೂತಿತ್ತೆಂದು ಗುರುತಿಸಿಕೊಂಡು, ಅನಂತರ ಬಿಳುಪನ್ನು ನೋಡುವ ಕ್ರಮವನ್ನು ಈ ತಾಲ್ಲೂಕುಗಳ ಸಮೀಕ್ಷೆಗಳಲ್ಲಿ ಪರೀಕ್ಷಕರ ತರಬೇತಿಯ ಮೊದಲ ಪಾಠವಾಗಿಸಬೇಕು. ಇಲ್ಲವಾದರೆ ಫ್ಲೋರೋಸಿಸ್ ಇರುವ ಮಗು ಹುಳುಕಿನ ಲೆಕ್ಕಕ್ಕೂ ಹುಳುಕಿರುವ ಮಗು ಫ್ಲೋರೋಸಿಸ್ ಲೆಕ್ಕಕ್ಕೂ ಸೇರಿಹೋಗುತ್ತವೆ. ಮೊದಲನೆಯ ಮಗುವಿಗೆ ಬೇಕಾದುದು ಬೇರೆ ನೀರು, ಎರಡನೆಯದಕ್ಕೆ ಫ್ಲೋರೈಡ್ ಇರುವ ಪೇಸ್ಟು.